ವಾರಕ್ಕೆ ಮೂರೇ ಪಿರಿಯಡ್ ಓಡುವ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಯಾವಾಗ?

ಪ್ರಶ್ನೆ: ನಾನು ಹರಿಹರ ತಾಲ್ಲೂಕಿನ ಮಲೇಬೆನ್ನೂರು ಭಾಗದ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಕಂಪ್ಯೂಟರ್ ಕೊಠಡಿಯ ಹೊಣೆಯೂ ನನ್ನದೇ. ಆರು ವಿಂಡೋಸ್ 11 ಕಂಪ್ಯೂಟರ್‌ಗಳು, ಲಿನಕ್ಸ್ ಬಳಗದ ಉಬುಂಟು ಹಾಕಿದ ನಾಲ್ಕು ಹಳೆಯ ಕಂಪ್ಯೂಟರ್‌ಗಳು ಇವೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ವಿಂಡೋಸ್ 10 ಇದೆ. ವಾರಕ್ಕೆ ಮೂರು ಪಿರಿಯಡ್, ತಲಾ 40 ನಿಮಿಷ ಮಕ್ಕಳು ಬಳಸುತ್ತಾರೆ. ಪಾಠ ಮುಗಿದೊಡನೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕುತ್ತೇವೆ. ಸ್ವಯಂಚಾಲಿತ ಅಪ್‌ಡೇಟ್ ಚಾಲೂ ಇದ್ದರೂ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ. ಇನ್ನು ಕೆಲವು ದಿನ ಕಂಪ್ಯೂಟರ್ ತೆರೆದ ಕೂಡಲೇ ಅಪ್‌ಡೇಟ್ ಪರದೆ ಬಂದು ಅರ್ಧ ಪಿರಿಯಡ್ ನುಂಗಿಬಿಡುತ್ತದೆ. ಬೆಳಗಿನ ಜಾವ 3ಕ್ಕೆ ಸಮಯ ನಿಗದಿ ಮಾಡಿ ಎಂದು ಒಬ್ಬರು ಹೇಳಿದರು, ಆ ಹೊತ್ತಿನಲ್ಲಿ ನಮ್ಮಲ್ಲಿ ಕಂಪ್ಯೂಟರ್ ಓಡುವುದೇ ಇಲ್ಲ. ಅಪ್‌ಡೇಟನ್ನು ಪೂರ್ತಿ ನಿಲ್ಲಿಸಿಬಿಡಬಹುದೇ?

ಉತ್ತರ: ನಿಲ್ಲಿಸಬೇಡಿ ಮೇಷ್ಟರೇ. ಮೊದಲು ಅದರ ಕಾರಣವನ್ನು ಹೇಳಿ ಮುಂದೆ ಹೋಗುತ್ತೇನೆ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಒಳನುಗ್ಗಲು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ತಿದ್ದುಪಡಿ ಹೊರಡಿಸಿತ್ತು. ಮದ್ದು ಕೈಗೆ ಬಂದು ಎರಡು ತಿಂಗಳಾಗಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಕೊಠಡಿಯ ಕಂಪ್ಯೂಟರ್‌ಗಳು ಒಂದೇ ಜಾಲದಲ್ಲಿವೆ, ಮಕ್ಕಳ ಪೆನ್‌ಡ್ರೈವ್‌ಗಳು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತವೆ. ಒಂದು ಕೆಟ್ಟರೆ ಹತ್ತೂ ಕೆಡುವ ಜಾಗವದು. ಕಡಿಮೆ ಹೊತ್ತು ಓಡುವುದರಿಂದ ಅಪಾಯವೂ ಕಡಿಮೆ ಎಂದು ಹಲವರು ನಂಬಿದ್ದಾರೆ. ಓಡುವ ಆ 40 ನಿಮಿಷವೂ ತಿಂಗಳುಗಳ ಹಿಂದಿನ ತಂತ್ರಾಂಶದೊಂದಿಗೇ ಅಂತರಜಾಲಕ್ಕೆ ಇಳಿಯುತ್ತದೆ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿರುತ್ತದೆ.

ನಿಮ್ಮ ತೊಂದರೆಯ ಬೇರು ಇಲ್ಲಿದೆ: ಸ್ವಯಂಚಾಲಿತ ಅಪ್‌ಡೇಟ್ ವ್ಯವಸ್ಥೆಯನ್ನು ರೂಪಿಸಿದವರು ಕಂಪ್ಯೂಟರ್ ದಿನದ ಬಹುಪಾಲು ಚಾಲೂ ಇರುತ್ತದೆ ಎಂದು ಭಾವಿಸಿದ್ದಾರೆ. ಬೆಳಗಿನ ಜಾವ 3 ಗಂಟೆ ಎಂಬ ಸಲಹೆಯೂ ಅಲ್ಲಿಂದಲೇ ಬಂದದ್ದು. ಕಚೇರಿಗಳಿಗಾಗಿ ವಿಂಡೋಸ್‌ನಲ್ಲಿ ಇರುವ ನೀತಿ ಸೆಟ್ಟಿಂಗ್‌ನಲ್ಲಿ ಅಪ್‌ಡೇಟ್ ಅಳವಡಿಕೆಗೆ ಮೊದಲೇ ನಮೂದಾಗಿರುವ ಹೊತ್ತು ಅದೇ. ಭದ್ರಾ ನಾಲೆಯ ಕೊನೆಯ ಭಾಗದ ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಿಟ್ಟ ತಾರೀಕು ಮೇಲಿನವರ ಅನುಕೂಲಕ್ಕೆ, ಆ ನೀರು ನಿಮ್ಮ ತೂಬಿಗೆ ಮುಟ್ಟುವ ಹೊತ್ತೇ ಬೇರೆ. ಹಾಗಾಗಿ ಗಡಿಯಾರದ ಹೊತ್ತನ್ನು ಹಿಡಿದು ಅಪ್‌ಡೇಟ್ ನಿಗದಿ ಮಾಡುವುದನ್ನು ಕೈಬಿಡಿ. ಎರಡು ಕೆಲಸ ಮಾಡಿ. ಚಿಕ್ಕಪುಟ್ಟ ಅಪ್‌ಡೇಟ್‌ಗಳನ್ನು ಕಂಪ್ಯೂಟರ್ ಚಾಲೂ ಆದ ಗಳಿಗೆಗೆ ಕಟ್ಟಿಹಾಕಿ. ದೊಡ್ಡವುಗಳಿಗೆ ತಿಂಗಳಿಗೊಮ್ಮೆ, ನೀವು ಎದುರಿಗೇ ಇರುವಾಗ, ಒಂದು ಉದ್ದನೆಯ ಹೊತ್ತನ್ನು ಬಿಡುವು ಮಾಡಿ ಕೊಡಿ.

ಉಬುಂಟುವಿನಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿನ ತೊಂದರೆಯನ್ನು ಗಣಿತ ಶಿಕ್ಷಕರು ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು. ಉಬುಂಟುವಿನಲ್ಲಿ ಈ ಕೆಲಸಕ್ಕೆ ಎರಡು ಟೈಮರ್‌ಗಳಿವೆ. ಆಪ್ಟ್-ಡೈಲಿ ಎಂಬುದು ಹೊಸ ತಂತ್ರಾಂಶಗಳ ಪಟ್ಟಿಯನ್ನು ತರಿಸಿ ಡೌನ್‌ಲೋಡ್ ಮಾಡುತ್ತದೆ. ಆಪ್ಟ್-ಡೈಲಿ-ಅಪ್‌ಗ್ರೇಡ್ ಎಂಬುದು ಅವುಗಳನ್ನು ಅಳವಡಿಸುತ್ತದೆ. ಮೊದಲನೆಯದರ ಹೊತ್ತು ಬೆಳಿಗ್ಗೆ 6 ಮತ್ತು ಸಂಜೆ 6, ಎರಡನೆಯದರದು ಬೆಳಿಗ್ಗೆ 6. ಎರಡಕ್ಕೂ ಪರ್ಸಿಸ್ಟೆಂಟ್ ಎಂಬ ಗುಣವಿದೆ: ಆ ಹೊತ್ತಿನಲ್ಲಿ ಕಂಪ್ಯೂಟರ್ ಆರಿದ್ದರೆ, ಮುಂದಿನ ಸಲ ತೆರೆದಾಗ ತಪ್ಪಿಹೋದ ಕೆಲಸವನ್ನು ನೆನಪಿಟ್ಟುಕೊಂಡು ಮಾಡುತ್ತವೆ. ಇಷ್ಟು ಕೇಳಿದರೆ ನಿಮ್ಮ ಕಷ್ಟ ತೀರಿತೆನ್ನಿಸುತ್ತದೆ. ಆದರೆ ಮೊದಲನೆಯ ಟೈಮರ್‌ಗೆ 12 ಗಂಟೆಗಳ ಯಾದೃಚ್ಛಿಕ ವಿಳಂಬವನ್ನೂ ಸೇರಿಸಿದ್ದಾರೆ. ಜಗತ್ತಿನ ಎಲ್ಲ ಉಬುಂಟು ಕಂಪ್ಯೂಟರ್‌ಗಳು ಒಂದೇ ಗಳಿಗೆಯಲ್ಲಿ ಸರ್ವರ್‌ನ ಬಾಗಿಲು ತಟ್ಟಬಾರದು ಎಂಬುದು ಅದರ ಉದ್ದೇಶ. ತಪ್ಪಿಹೋದ ಕೆಲಸಕ್ಕೂ ಆ ವಿಳಂಬ ಅನ್ವಯಿಸುತ್ತದೆ, ಮತ್ತು ಪ್ರತಿ ಸಲ ಕಂಪ್ಯೂಟರ್ ತೆರೆದಾಗಲೂ ಹೊಸದಾಗಿ ಚೀಟಿ ಎತ್ತಲಾಗುತ್ತದೆ.

ಈಗ ಲೆಕ್ಕ ನೋಡಿ. ಹನ್ನೆರಡು ಗಂಟೆ ಎಂದರೆ 720 ನಿಮಿಷ. ನಿಮ್ಮ ಪಿರಿಯಡ್ 40 ನಿಮಿಷ. ಒಂದು ಪಿರಿಯಡ್‌ನೊಳಗೆ ಪಟ್ಟಿ ತರಿಸುವ ಕೆಲಸ ಶುರುವಾಗುವ ಸಂಭವ ಹದಿನೆಂಟರಲ್ಲಿ ಒಂದು. ವಾರಕ್ಕೆ ಮೂರು ಪಿರಿಯಡ್‌ನಂತೆ ಸರಾಸರಿ ಆರು ವಾರಕ್ಕೊಮ್ಮೆ ಅದೃಷ್ಟ ಒಲಿಯುತ್ತದೆ. ನಾಲ್ಕು ಕಂಪ್ಯೂಟರ್‌ಗಳಿಗೂ ಬೇರೆ ಬೇರೆ ದಿನ. ಪಟ್ಟಿ ಹಳೆಯದಾಗಿದ್ದರೆ ಎರಡನೆಯ ಟೈಮರ್ ಓಡಿದರೂ ಅದಕ್ಕೆ ಹೊಸದೇನೂ ಕಾಣುವುದಿಲ್ಲ. ಎಲ್ಲವೂ ಸರಿಯಾಗಿದ್ದೂ ಅಪ್‌ಡೇಟ್ ಆಗುತ್ತಿಲ್ಲ ಎಂದು ನೀವು ಬರೆದದ್ದಕ್ಕೆ ಉತ್ತರ ಈ ಭಿನ್ನರಾಶಿಯಲ್ಲಿದೆ.

ಪರಿಹಾರ ಒಂದೇ ಸಾಲಿನದು. ಟೈಮರ್‌ನ ಮೂಲ ಕಡತವನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗಬಹುದು. ಸಿಸ್ಟಮ್‌ಸಿಟಿಎಲ್ ಆಜ್ಞೆಯ ಎಡಿಟ್ ಸೌಲಭ್ಯದಿಂದ ಆಪ್ಟ್-ಡೈಲಿ ಟೈಮರ್‌ನ ಮೇಲ್ಪದರದ ಕಡತವನ್ನು ತೆರೆದು, ಟೈಮರ್ ವಿಭಾಗದಡಿ ರ್‍ಯಾಂಡಮೈಸ್ಡ್-ಡಿಲೇ-ಸೆಕ್ ಎಂಬ ಮೌಲ್ಯವನ್ನು 5 ನಿಮಿಷ ಎಂದು (RandomizedDelaySec=5min) ಬರೆಯಿರಿ. ಅಳವಡಿಕೆಯ ಟೈಮರ್‌ನಲ್ಲಿ ಅದು 60 ನಿಮಿಷ ಇರುತ್ತದೆ, ಅದನ್ನು 15ಕ್ಕೆ ಇಳಿಸಿ. ಸಮಯ, ಪರ್ಸಿಸ್ಟೆಂಟ್ ಗುಣ ಯಾವುದನ್ನೂ ಬದಲಿಸಬೇಕಾಗಿಲ್ಲ. ಬೆಳಗಿನ 6 ಗಂಟೆಯ ಕೆಲಸ ತಪ್ಪಿದೆ ಎಂಬುದನ್ನು ಕಂಪ್ಯೂಟರ್ ತಾನೇ ಗಮನಿಸಿ, ನೀವು ತೆರೆದ ಐದು ನಿಮಿಷದೊಳಗೆ ಆರಂಭಿಸುತ್ತದೆ. ವಿಳಂಬವನ್ನು ಸೊನ್ನೆ ಮಾಡಬೇಡಿ. ನಾಲ್ಕೂ ಕಂಪ್ಯೂಟರ್‌ಗಳು ಒಂದೇ ಕ್ಷಣದಲ್ಲಿ ಶಾಲೆಯ ಅಂತರಜಾಲ ಸಂಪರ್ಕದ ಮೇಲೆ ಬೀಳದಿರಲಿ.

ಪಾಠದ ನಡುವೆ ಅಳವಡಿಕೆ ನಡೆದರೆ ತೊಂದರೆಯಿಲ್ಲವೇ ಎಂದು ನೀವು ಕೇಳಬಹುದು. ಉಬುಂಟುವಿನ ಭದ್ರತಾ ಅಪ್‌ಡೇಟ್‌ಗಳು ಬಹುಪಾಲು ಚಿಕ್ಕವು. ವಾರಕ್ಕೆ ಮೂರು ಸಲ ತಪ್ಪದೆ ಆಗುತ್ತಿದ್ದರೆ ರಾಶಿ ಬೀಳುವುದಿಲ್ಲ. ಈ ಕೆಲಸ ಮಾಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ತಂತ್ರಾಂಶ ಅಪ್‌ಡೇಟ್‌ಗಳನ್ನು ಸಣ್ಣ ಸಣ್ಣ ಕಂತುಗಳಾಗಿ ಒಡೆದುಕೊಂಡು ಹಾಕುತ್ತದೆ, ಹಾಗಾಗಿ ಮೆನುವಿನಿಂದ ಕ್ರಮವಾಗಿ ಶಟ್‌ಡೌನ್ ಮಾಡಿದರೆ ಕೈಯಲ್ಲಿರುವ ಕಂತನ್ನು ಮುಗಿಸಿ ನಿಲ್ಲುತ್ತದೆ. ಮೇನ್ ಸ್ವಿಚ್ ಆರಿಸಿದರೆ ಆ ಅವಕಾಶವೇ ಸಿಗುವುದಿಲ್ಲ. ಅರ್ಧಕ್ಕೆ ನಿಂತುಹೋಗಿ ಮುಂದಿನ ಸಲ ತಂತ್ರಾಂಶ ಅಳವಡಿಕೆ ತಕರಾರು ಮಾಡಿದರೆ ಗಾಬರಿಯಾಗಬೇಡಿ. ಡಿಪಿಕೆಜಿ ಆಜ್ಞೆಗೆ ಕಾನ್ಫಿಗರ್ ಮತ್ತು ‘ಎ’ ಎಂಬ ಆಯ್ಕೆಗಳನ್ನು ಕೊಟ್ಟು (dpkg --configure -a) ಓಡಿಸಿದರೆ ಸಾಮಾನ್ಯವಾಗಿ ಉಳಿದದ್ದನ್ನು ಪೂರೈಸಿಕೊಳ್ಳುತ್ತದೆ.

ನಿಮ್ಮ ಮಕ್ಕಳಿಗೆ ಇದೊಂದನ್ನು ಮಾತ್ರ ಕಡ್ಡಾಯವಾಗಿ ಕಲಿಸಿ: ಪಿರಿಯಡ್ ಮುಗಿಯುವ ಐದು ನಿಮಿಷ ಮೊದಲು ಎಲ್ಲರೂ ಮೆನುವಿನಿಂದಲೇ ಶಟ್‌ಡೌನ್ ಮಾಡಬೇಕು. ಎಲ್ಲ ಪರದೆಗಳೂ ಕಪ್ಪಾದ ಮೇಲೆಯೇ ಮೇನ್ ಸ್ವಿಚ್. ಕೊಠಡಿಯ ಬೀಗ ಹಾಕುವ ಸಹಾಯಕರಿಗೂ ಇದನ್ನು ತಿಳಿಸಿ, ಏಕೆಂದರೆ ಸ್ವಿಚ್ ಬಹುಮಟ್ಟಿಗೆ ಅವರ ಕೈಯಲ್ಲಿರುತ್ತದೆ. ಯಾವ ಸೆಟ್ಟಿಂಗ್‌ಗಿಂತಲೂ ಈ ಅಭ್ಯಾಸ ನಿಮ್ಮ ಕಂಪ್ಯೂಟರ್‌ಗಳ ಆಯುಷ್ಯವನ್ನು ಹೆಚ್ಚಿಸುತ್ತದೆ.

ವಿಂಡೋಸ್ ಬೇರೆ ಬಗೆಯದು. ಅಲ್ಲಿ ತಿಂಗಳಿಗೊಮ್ಮೆ ದೊಡ್ಡ ಕಂತು ಬರುತ್ತದೆ, ಪ್ರತಿ ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆಗೆ. ನಮ್ಮ ಗಡಿಯಾರದಲ್ಲಿ ಅದು ಅಂದು ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ನಮ್ಮ ಕಂಪ್ಯೂಟರ್‌ಗಳಿಗೆ ಅದು ಕಾಣುವುದು ಬುಧವಾರದಿಂದ. ಕಂತಿನ ಗಾತ್ರ ಕೆಲವು ನೂರು ಮೆಗಾಬೈಟ್‌ಗಳಿಂದ ಗಿಗಾಬೈಟ್‌ಗಳವರೆಗೂ ಹೋಗುತ್ತದೆ.

ಇಂಥ ಅಪ್‌ಡೇಟ್ ಮುಗಿಯಲು ಕಂಪ್ಯೂಟರ್ ಎಷ್ಟು ಹೊತ್ತು ಚಾಲೂ ಇರಬೇಕು ಎಂಬುದನ್ನು ಮೈಕ್ರೋಸಾಫ್ಟ್ ತನ್ನ ಅಂಕಿಅಂಶಗಳನ್ನು ನೋಡಿ 2022ರಲ್ಲಿ ತಿಳಿಸಿತು. ಅಪ್‌ಡೇಟ್ ಹೊರಬಂದ ನಂತರ ಅಂತರಜಾಲ ಸಂಪರ್ಕದೊಂದಿಗೆ ಕನಿಷ್ಠ ಎರಡು ಗಂಟೆ ಸತತವಾಗಿ, ಒಟ್ಟು ಆರು ಗಂಟೆ ಓಡಬೇಕು. ಇದಕ್ಕಿಂತ ಕಡಿಮೆ ಓಡಿದರೆ ಅಪ್‌ಡೇಟ್ ನೆಚ್ಚಿಕೊಳ್ಳುವಂತೆ ಮುಗಿಯುವುದಿಲ್ಲ. ನಲವತ್ತು ನಿಮಿಷಗಳ ಪಿರಿಯಡ್ ವಾರಕ್ಕೆ ಎಷ್ಟೇ ಸಲ ಬರಲಿ, ‘ಸತತ ಎರಡು ಗಂಟೆ’ ಎಂದೂ ಆಗುವುದಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಚಿಂತೆಯಿಲ್ಲ, ಮುಂದಿನ ಸಲ ಉಳಿದಲ್ಲಿಂದ ಮುಂದುವರಿಯುತ್ತದೆ. ಅಳವಡಿಕೆಗೂ ರೀಸ್ಟಾರ್ಟ್‌ಗೂ ಮಾತ್ರ ಬಿಡುವಿನ ಹೊತ್ತೇ ಬೇಕು. ನಿಮ್ಮ ಪಾಠವನ್ನು ನುಂಗುವ ಪರದೆಯೂ ಇಲ್ಲಿಂದಲೇ ಬರುತ್ತದೆ: ಅಳವಡಿಕೆಯ ಮೊದಲರ್ಧ ಹಿಂದಿನ ಪಿರಿಯಡ್‌ನಲ್ಲಿ ಮುಗಿದಿರುತ್ತದೆ, ಉಳಿದರ್ಧ ಮುಂದಿನ ಸಲ ತೆರೆದಾಗ ಮಕ್ಕಳ ಎದುರಿಗೆ ನಡೆಯುತ್ತದೆ.

ನಿಮಗೊಂದು ಒಳ್ಳೆಯ ಹೊತ್ತು ಈಗಾಗಲೇ ಇದೆ: ಶನಿವಾರದ ಬೆಳಗಿನ ಶಾಲೆ ಬಿಟ್ಟ ನಂತರದ ಮಧ್ಯಾಹ್ನ. ಎರಡನೆಯ ಮಂಗಳವಾರ ತಿಂಗಳ 8ರಿಂದ 14ರೊಳಗೆ ಬರುತ್ತದೆ, ಆದ್ದರಿಂದ ಅದರ ನಂತರದ ಶನಿವಾರ 12ರಿಂದ 18ರೊಳಗಿನ ಶನಿವಾರವಾಗಿರುತ್ತದೆ. ಆ ದಿನ ಹನ್ನೆರಡರಿಂದ ನಾಲ್ಕರವರೆಗೆ ಆರೂ ಕಂಪ್ಯೂಟರ್‌ಗಳು ಚಾಲೂ ಇರಲಿ. ನಾಲ್ಕು ಗಂಟೆ ಸತತ; ಉಳಿದ ಎರಡು ಗಂಟೆಗೆ ನಿಮ್ಮ ಮೂರು ಪಿರಿಯಡ್‌ಗಳ 120 ನಿಮಿಷ. ಒಟ್ಟು ಆರು ಗಂಟೆ ಕೂಡಿಕೊಳ್ಳುತ್ತದೆ. ತಾವೇ ಹುಡುಕಿಕೊಳ್ಳಲಿ ಎಂದು ಕಾಯದೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿದರೆ ಇನ್ನೂ ಬೇಗ ಮುಗಿಯುತ್ತದೆ. ಹಿಂದಿನ ದಿನ ಪತ್ರಿಕೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ. ನಿಮ್ಮ ಭಾಗದ ಫೀಡರ್ ಹೆಸರಿದ್ದರೆ ಮುಂದಿನ ಶನಿವಾರಕ್ಕೆ ಹಾಕಿ. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆಂದು ನಂಬಿ ಅಳವಡಿಕೆಗೆ ಕೈಹಾಕಬೇಡಿ.

ಆರೂ ಕಂಪ್ಯೂಟರ್‌ಗಳನ್ನು ಒಟ್ಟಿಗೆ ಆರಂಭಿಸಬೇಡಿ. ವಿಂಡೋಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬ ಸೌಲಭ್ಯವಿದೆ, ವಿಂಡೋಸ್ ಅಪ್‌ಡೇಟ್‌ನ ಹೆಚ್ಚುವರಿ ಆಯ್ಕೆಗಳ ಪುಟದಲ್ಲಿ ಸಿಗುತ್ತದೆ. ಅದನ್ನು ಚಾಲೂ ಮಾಡಿ, ‘ನನ್ನ ಸ್ಥಳೀಯ ಜಾಲದ ಸಾಧನಗಳು’ ಎಂಬರ್ಥದ ಆಯ್ಕೆಯನ್ನು ಹಿಡಿಯಿರಿ. ಅಂತರಜಾಲದ ಸಾಧನಗಳೂ ಸೇರಿರುವ ಇನ್ನೊಂದು ಆಯ್ಕೆ ಬೇಡ. ಮೊದಲು ಒಂದೇ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮುಗಿಸಿ, ಅದನ್ನು ಆರಿಸದೆ ಉಳಿದ ಐದನ್ನು ಶುರು ಮಾಡಿದರೆ ಅವು ಬಹುಪಾಲನ್ನು ಪಕ್ಕದ ಕಂಪ್ಯೂಟರ್‌ನಿಂದಲೇ ಪಡೆಯುತ್ತವೆ. ಹಂಚಿಕೊಡುವ ಕಂಪ್ಯೂಟರ್‌ಗೆ ಕನಿಷ್ಠ 4 ಜಿಬಿ ರ್‍ಯಾಮ್ ಬೇಕು. ವಿಂಡೋಸ್ 11ಕ್ಕೇ ಅಷ್ಟು ಬೇಕಾದ್ದರಿಂದ ನಿಮ್ಮಲ್ಲಿ ಇದ್ದೇ ಇರುತ್ತದೆ. ಶಾಲೆಗೆ ಬ್ರಾಡ್‌ಬ್ಯಾಂಡ್ ಇಲ್ಲದೆ ಶಿಕ್ಷಕರ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕೆಲಸ ನಡೆಯುತ್ತಿದ್ದರೆ ಇದು ದೊಡ್ಡ ಉಳಿತಾಯ. ಹಾಟ್‌ಸ್ಪಾಟ್ ಬಳಸುವವರು ಇನ್ನೊಂದನ್ನು ಪರೀಕ್ಷಿಸಬೇಕು: ಆ ಸಂಪರ್ಕ ‘ಮೀಟರ್ಡ್’ (ಡೇಟಾ ಅಳೆದು ಬಳಸಬೇಕಾದದ್ದು) ಎಂದು ಗುರುತಾಗಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದೇ ಇಲ್ಲ.

ಆಕ್ಟಿವ್ ಅವರ್ಸ್ ಅನ್ನು ಬೆಳಿಗ್ಗೆ 9ರಿಂದ ಸಂಜೆ 5 ಎಂದು ಕೈಯಾರೆ ಹಾಕಿಡಿ. ಆ ಹೊತ್ತಿನಲ್ಲಿ ವಿಂಡೋಸ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ಪಾಠ ಉಳಿಯುತ್ತದೆ. ಆದರೆ ನಿಮ್ಮ ಕಂಪ್ಯೂಟರ್‌ಗಳು 5ರ ನಂತರ ಓಡುವುದೇ ಇಲ್ಲವಾದ್ದರಿಂದ ರೀಸ್ಟಾರ್ಟ್ ಎಂದೂ ತಾನಾಗಿ ನಡೆಯದು. ಅದನ್ನು ಶನಿವಾರ ನೀವೇ ಮಾಡಬೇಕು. ಮೆನುವಿನಲ್ಲಿ ‘ಅಪ್‌ಡೇಟ್ ಆ್ಯಂಡ್ ಶಟ್‌ಡೌನ್’, ‘ಅಪ್‌ಡೇಟ್ ಆ್ಯಂಡ್ ರೀಸ್ಟಾರ್ಟ್’ ಎಂಬ ಎರಡು ಆಯ್ಕೆಗಳು ಕಂಡರೆ ಎರಡನೆಯದನ್ನು ಒತ್ತಿ, ಲಾಗಿನ್ ಪರದೆ ಬರುವವರೆಗೆ ಕಾಯಿರಿ, ಆಮೇಲೆ ಆರಿಸಿ. ಉಳಿದರ್ಧ ಅಳವಡಿಕೆ ಆಗ ಸೋಮವಾರದ ಪಾಠಕ್ಕೆ ಉಳಿಯುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬುದನ್ನೂ ಪವರ್ ಆಯ್ಕೆಗಳಲ್ಲಿ ತೆಗೆದುಬಿಡಿ. ಅದು ಚಾಲೂ ಇದ್ದರೆ ಸಾಮಾನ್ಯ ಶಟ್‌ಡೌನ್ ಪೂರ್ಣ ಶಟ್‌ಡೌನ್ ಆಗಿರುವುದಿಲ್ಲ. ವಿಂಡೋಸ್‌ನ ಒಳತಿರುಳು ಡಿಸ್ಕ್‌ನಲ್ಲಿ ಹಾಗೆಯೇ ಉಳಿದು ಮರುದಿನ ಮತ್ತೆ ಏಳುತ್ತದೆ, ಕಾದು ಕುಳಿತ ಅಪ್‌ಡೇಟ್ ಕಾದೇ ಇರುತ್ತದೆ. ತೆಗೆದರೆ ಕಂಪ್ಯೂಟರ್ ತೆರೆಯಲು ಕೆಲವು ಸೆಕೆಂಡು ಹೆಚ್ಚು ಬೇಕಾಗಬಹುದು, ಅಷ್ಟೇ. ಅಪ್‌ಡೇಟ್‌ಗಳನ್ನು ಎಲ್ಲರಿಗಿಂತ ಮೊದಲು ಕೊಡಿಸುವ ಒತ್ತುಗುಂಡಿಯೊಂದು ಅಪ್‌ಡೇಟ್ ಪುಟದಲ್ಲಿದೆ. ಅದು ಶಾಲೆಯ ಕೊಠಡಿಗೆ ಬೇಡವೇ ಬೇಡ.

ನಾಲ್ಕು ಉಬುಂಟುಗಳನ್ನೂ ಅದೇ ಶನಿವಾರ ತೆರೆದಿಡಿ. ಫೈರ್‌ಫಾಕ್ಸ್ ಬ್ರೌಸರ್ ಅಲ್ಲಿ 22.04 ಆವೃತ್ತಿಯಿಂದ ಸ್ನ್ಯಾಪ್ ಎಂಬ ಬೇರೆ ಬಗೆಯ ತಂತ್ರಾಂಶ ಕಟ್ಟಿನ ರೂಪದಲ್ಲಿ ಬರುತ್ತದೆ. ಅದರ ಅಪ್‌ಡೇಟ್‌ಗೆ ಆಪ್ಟ್ ಟೈಮರ್‌ಗಳ ಸಂಬಂಧವಿಲ್ಲ. ಬ್ರೌಸರ್ ತೆರೆದಿದ್ದರೆ ಅದು ಮುಂದಕ್ಕೆ ಹೋಗುತ್ತದೆ, ಮತ್ತು ನಿಮ್ಮಲ್ಲಿ ಕಂಪ್ಯೂಟರ್ ಓಡುವಷ್ಟು ಹೊತ್ತೂ ಬ್ರೌಸರ್ ತೆರೆದೇ ಇರುತ್ತದೆ. ಶನಿವಾರ ಬ್ರೌಸರ್ ಮುಚ್ಚಿ ಸ್ನ್ಯಾಪ್ ರಿಫ್ರೆಶ್ ಆಜ್ಞೆಯನ್ನು ಒಮ್ಮೆ ಕೊಡಿ.

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಗಳವರೂ ಇದೇ ಪ್ರಶ್ನೆ ಕೇಳುತ್ತಾರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ದಿನವಿಡೀ ಓಡುವ ಕಂಪ್ಯೂಟರ್ ಉಳಿದ ತಿಂಗಳುಗಳಲ್ಲಿ ಸಂಜೆ ಅರ್ಧ ಗಂಟೆ ಲೆಕ್ಕ ಬರೆಯಲು ಮಾತ್ರ ತೆರೆಯುತ್ತದೆ. ಅವರಿಗೂ ತಿಂಗಳಿಗೊಂದು ಮಧ್ಯಾಹ್ನದ ಇದೇ ಮಾತು ಅನ್ವಯಿಸುತ್ತದೆ. ಲೆಕ್ಕದ ದತ್ತಾಂಶದ ನಕಲು ತೆಗೆಯುವಂಥ ಕೆಲಸಗಳನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿರುವವರು ‘ನಿಗದಿತ ಹೊತ್ತು ತಪ್ಪಿದರೆ ಸಾಧ್ಯವಾದಷ್ಟು ಬೇಗ ಓಡಿಸು’ ಎಂಬರ್ಥದ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬಾರದು. ಹೊಸದಾಗಿ ಸೇರಿಸಿದ ಕೆಲಸಕ್ಕೆ ಆ ಗುರುತು ತಾನಾಗಿ ಇರುವುದಿಲ್ಲ. ಲಿನಕ್ಸ್‌ನಲ್ಲಿ ಇಂಥ ಕೆಲಸಗಳನ್ನು ಓಡಿಸಲು ಎರಡು ತಂತ್ರಾಂಶಗಳಿವೆ. ಕ್ರಾನ್ ಗಡಿಯಾರವನ್ನು ನೋಡುತ್ತದೆ, ತಪ್ಪಿದ್ದು ತಪ್ಪಿಯೇ ಹೋಯಿತು. ಅನಾಕ್ರಾನ್ ‘ಕೊನೆಯ ಸಲ ಮಾಡಿ ಎಷ್ಟು ದಿನವಾಯಿತು’ ಎಂದು ನೋಡುತ್ತದೆ. ಆಗಾಗ ಆರುವ ಕಂಪ್ಯೂಟರ್‌ಗೆ ಅನಾಕ್ರಾನ್ ಸರಿ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಒಂದಿದೆ. ಮೇನ್ ಸ್ವಿಚ್ ಆರಿಸಿಡುವ ಹಳೆಯ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಬೇಗ ಖಾಲಿಯಾಗುತ್ತದೆ, ಗೋಡೆಯ ವಿದ್ಯುತ್ ಇಲ್ಲದಷ್ಟು ಹೊತ್ತೂ ಗಡಿಯಾರವನ್ನು ಓಡಿಸುವುದು ಅದೇ. ಸೆಲ್ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಹೊಂದುವುದಿಲ್ಲ, ಉಬುಂಟು ‘ಈ ಪಟ್ಟಿಯ ಸಮಯ ಇನ್ನೂ ಬಂದಿಲ್ಲ’ ಎಂದು ನಿರಾಕರಿಸುತ್ತದೆ, ತಪ್ಪಿದ ಕೆಲಸದ ಲೆಕ್ಕವೂ ಕೆಡುತ್ತದೆ. ಟೈಮರ್ ತಿದ್ದಿದ ಮೇಲೂ ಒಂದು ಕಂಪ್ಯೂಟರ್ ಮಾತ್ರ ಹಟ ಹಿಡಿದರೆ ಮೊದಲು ಅದರ ತಾರೀಕು ನೋಡಿ. ಬಹುಪಾಲು ಡೆಸ್ಕ್‌ಟಾಪ್‌ಗಳಿಗೆ ಸಿಆರ್ 2032 ಸೆಲ್ ಹೊಂದುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ವಿದ್ಯುತ್ ತಂತಿ ಕಿತ್ತು ನೀವೇ ಬದಲಿಸಬಹುದು.

ಕೆಲಸ ನಿಜವಾಗಿಯೂ ಆಗಿದೆಯೇ ಎಂಬುದಕ್ಕೆ ವಿಂಡೋಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿ ಪುಟವನ್ನೂ, ಉಬುಂಟುವಿನಲ್ಲಿ ಲಾಗ್ ಕಡತಕೋಶದೊಳಗಿನ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ದಾಖಲೆಯನ್ನೂ ನೋಡಿ. ಕೊಠಡಿಯ ದಾಖಲೆ ಪುಸ್ತಕದಲ್ಲಿ ಪ್ರತಿ ಕಂಪ್ಯೂಟರ್‌ನ ಎದುರು ಕೊನೆಯ ತಾರೀಕು ಬರೆಸಿ. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ನಿರ್ವಾಹಕ ಗುಪ್ತಪದ ಮಾತ್ರ ನಿಮ್ಮಲ್ಲಿಯೇ ಇರಲಿ.

ಕೊನೆಗೆ, ಮುಖ್ಯೋಪಾಧ್ಯಾಯರ ಕೊಠಡಿಯ ವಿಂಡೋಸ್ 10. ಅದಕ್ಕೆ ವೇಳಾಪಟ್ಟಿ ಹಾಕಿ ಪ್ರಯೋಜನವಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದಿವೆ. ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸದಿದ್ದರೆ ತಿಂಗಳ ಕಂತು ಬರುವುದಿಲ್ಲ. ವಿಂಡೋಸ್‌ನ ಜೊತೆಗೇ ಬರುವ ವೈರಸ್ ತಡೆ ತಂತ್ರಾಂಶ ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಹೊಸದಾಗುತ್ತಿರುತ್ತದೆ, ಅದನ್ನು ನೋಡಿ ಎಲ್ಲವೂ ಸರಿಯಿದೆ ಎಂದು ಭಾವಿಸಬಾರದು. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಮಕ್ಕಳ ವಿವರಗಳನ್ನು ತುಂಬುವ ಕಂಪ್ಯೂಟರ್ ಅದೇ ಆಗಿದ್ದರೆ ಕೊಠಡಿಯ ಹತ್ತಕ್ಕಿಂತಲೂ ಮೊದಲು ಗಮನ ಬೇಕಾದದ್ದು ಅದಕ್ಕೆ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದ್ದು, ಅದರ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದರೆ ವಿಂಡೋಸ್ 11ಕ್ಕೆ ಏರಿಸಿ. ಇಲ್ಲದಿದ್ದರೆ ಆರು ಹೊಸ ಕಂಪ್ಯೂಟರ್‌ಗಳಲ್ಲಿ ಒಂದನ್ನು ಕಚೇರಿಗೆ ಕೊಟ್ಟು, ಹಳೆಯದಕ್ಕೆ ಉಬುಂಟು ಹಾಕಿ ಮಕ್ಕಳ ಕೊಠಡಿಗೆ ತನ್ನಿ. ಹಾಕಿದ ದಿನವೇ ಆ ಎರಡು ಟೈಮರ್‌ಗಳನ್ನೂ ತಿದ್ದಿಬಿಡಿ.